ಗಾಜಿನ ಪೆಟ್ಟಿಗೆಗೆ ಯಾವ ಬಳ್ಳಿ? ನಮ್ಮ ಕಡೆಯ ಸೆಕೆ, ನೀರು, ಜೇಬು ನೋಡಿ ಆರಿಸುವ ಬಗೆ

"ಮನಿ ಪ್ಲಾಂಟ್ ಹಚ್ಲೇನ್ರಿ, ಇಲ್ಲಾ ಗ್ವಾಡಿಗೆ ಹತ್ತೂ ಆ ಸಣ್ಣೆಲಿ ಬಳ್ಳಿ ಹಚ್ಲಿ?" ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಕಾಡು ಕಟ್ಟಹೊರಟ ಹುಬ್ಬಳ್ಳಿ-ಧಾರವಾಡದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಉತ್ತರ ಹೇಳುವ ಮೊದಲು ನಾನೇ ಮೂರು ಪ್ರಶ್ನೆ ಕೇಳುತ್ತೇನೆ. ಪೆಟ್ಟಿಗೆಗೆ ಮುಚ್ಚಳ ಇದೆಯೇ? ಏಪ್ರಿಲ್-ಮೇ ತಿಂಗಳಲ್ಲಿ ಆ ಕೋಣೆ ಎಷ್ಟು ಕಾಯುತ್ತದೆ? ಹಾಕುವ ನೀರು ಎಲ್ಲಿಯದು? ಇವಕ್ಕೆ ಉತ್ತರ ಸಿಕ್ಕರೆ ಹತ್ತು ಬಳ್ಳಿಗಳ ಪಟ್ಟಿ ತಾನಾಗಿಯೇ ಎರಡು-ಮೂರಕ್ಕೆ ಇಳಿಯುತ್ತದೆ. ಎಲೆಯ ಬಣ್ಣ, ಅಂದಚಂದ ನೋಡುವುದು ಆ ಮೇಲಿನ ಮಾತು.

ಹೆಸರುಗಳ ಗೊಂದಲ ಬೇಡ. ಗಿಡ ಮಾತ್ರ ಇದ್ದರೆ ಟೆರೇರಿಯಂ. ಕಪ್ಪೆ, ಹಲ್ಲಿಯಂಥ ಜೀವಿಯೂ ಜೊತೆಗಿದ್ದರೆ ವೈವೇರಿಯಂ. ಕೆಳಗೆ ನೀರು-ಮೀನು, ಮೇಲೆ ಗಿಡ ಇದ್ದರೆ ಪಲುಡೇರಿಯಂ. ಬಳ್ಳಿಯ ಆಯ್ಕೆ ಮೂರಕ್ಕೂ ಒಂದೇ ಅಲ್ಲ.

ಮೊದಲು ಅಳತೆಗೋಲು

ಮುಚ್ಚಳದಿಂದ ಶುರು ಮಾಡೋಣ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಿದ್ದ. ಪತಂಗಕ್ಕಾಗಿ ಕಾದವನಿಗೆ ಆ ಮಣ್ಣಿನಲ್ಲಿ ಜರಿಗಿಡ ಮೊಳೆತದ್ದು ಕಾಣಿಸಿತು. ಒಳಗಿನ ನೀರು ಆವಿಯಾಗಿ ಗಾಜಿಗೆ ತಗಲಿ, ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಮುಂದೆ ಅಂಥ ಗಾಜಿನ ಪೆಟ್ಟಿಗೆಗಳಲ್ಲೇ ಚೀನಾದ ಚಹಾ ಸಸಿಗಳು ಭಾರತಕ್ಕೆ ಬಂದವು. ಸಮುದ್ರದ ಉಪ್ಪುಗಾಳಿಯಿಂದ ಸಸಿಗಳನ್ನು ಕಾಪಾಡಿದ ಆ ಮುಚ್ಚಳವೇ ನಮ್ಮ ಫೆಬ್ರುವರಿ-ಮಾರ್ಚಿನ ಒಣಗಾಳಿಯಿಂದಲೂ ಕಾಪಾಡುತ್ತದೆ. ಮುಚ್ಚಿದ ಪೆಟ್ಟಿಗೆಗೆ ವಾರಗಟ್ಟಲೆ ನೀರು ಬೇಡ. ನಳದ ನೀರು ದಿನ ಬಿಟ್ಟು ದಿನವೂ ಬಾರದ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ಮುಚ್ಚಳ ಹಾಕಿದರೆ ತೇವ ಉಳಿದಂತೆ ಸೆಕೆಯೂ ಒಳಗೇ ಉಳಿಯುತ್ತದೆ, ಗಾಳಿ ಆಡುವುದಿಲ್ಲ. ದಪ್ಪ ಎಲೆಯಲ್ಲಿ ನೀರು ಕೂಡಿಡುವ ಬಳ್ಳಿಗಳು ಅಲ್ಲಿ ಕೊಳೆಯುತ್ತವೆ. ತೆಳ್ಳನೆಯ ಎಲೆಯವು ಬದುಕುತ್ತವೆ.

ಎರಡನೆಯದು ಸೆಕೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರವಾದರೂ 20 ಕಿಲೋಮೀಟರ್ ಅಂತರದಲ್ಲಿ ಹವೆ ಬದಲಾಗುತ್ತದೆ. ಧಾರವಾಡ ಮಲೆನಾಡಿನ ಅಂಚು. ಎತ್ತರವೂ ತುಸು ಹೆಚ್ಚು, ಮಳೆಯೂ ಹೆಚ್ಚು. ಹಳೆಯ ಹೆಂಚಿನ ಮನೆಯ ನಡುಮನೆಯಲ್ಲಿ ಮೇ ತಿಂಗಳಲ್ಲೂ ತಂಪು ಇರುತ್ತದೆ. ಅದೇ ಹುಬ್ಬಳ್ಳಿಯ ಆರ್‌ಸಿಸಿ ಮನೆಯ ಮೇಲಿನ ಮಹಡಿ ರಾತ್ರಿ ಹತ್ತಕ್ಕೂ ಕಾವು ಬಿಡುವುದಿಲ್ಲ. ಗದಗ ಇನ್ನೂ ಒಣ, ಇನ್ನೂ ಬಿಸಿ. ಉಷ್ಣವಲಯದ ಬಳ್ಳಿ ಅಂದ ಕೂಡಲೇ ಬಿಸಿಲು ತಡೆಯುತ್ತದೆ ಅಂದುಕೊಳ್ಳುವವರಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಮಳೆಕಾಡಿನ ನೆರಳಲ್ಲಿ, 20ರಿಂದ 28 ಡಿಗ್ರಿಯ ಆಸುಪಾಸಿನಲ್ಲಿ ಸುಖವಾಗಿರುವಂಥವು. ಗಾಳಿಯಾಡುವ ಕಡೆ 35 ಡಿಗ್ರಿ ತಡೆದಾವು, ಮುಚ್ಚಿದ ಗಾಜಿನೊಳಗೆ ತಡೆಯಲಾರವು. ನೇರ ಬಿಸಿಲಂತೂ ಬೇಡವೇ ಬೇಡ. ಕಿಡಕಿಯ ಬಿಸಿಲಿಗೆ ಇಟ್ಟ ಮುಚ್ಚಿದ ಬರಣಿಯೊಳಗಿನ ಗಿಡ ಒಂದೇ ಮಧ್ಯಾಹ್ನದಲ್ಲಿ ಬೆಂದುಹೋಗುತ್ತದೆ. ಬೆಳಕಿಗೆ ಬಿಳಿ ಎಲ್‌ಇಡಿ ಟ್ಯೂಬ್ ದಿನಕ್ಕೆ ಹತ್ತು ತಾಸು ಉರಿದರೆ ಸಾಕು. ಬಿಸಿಲಿಗಿಂತ ಅದು ನಂಬಿಕಸ್ಥ.

ಮೂರನೆಯದು ನೀರು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಮಳೆಸೀಮೆಯವರು ಬರೆದ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ. ಬೋರ್ ನೀರು ನಮ್ಮಲ್ಲಿ ಗಡಸು. ಗದಗ ಜಿಲ್ಲೆಯ ಹಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಕುಂಡಕ್ಕಾದರೆ ನೀರು ಹಾಕಿದಾಗ ಹೆಚ್ಚಿನ ಲವಣ ತಳದ ತೂತಿನಿಂದ ಹರಿದುಹೋಗುತ್ತದೆ. ಗಾಜಿನ ಪೆಟ್ಟಿಗೆಗೆ ತೂತೇ ಇಲ್ಲ. ಹಾಕಿದ ಉಪ್ಪೆಲ್ಲ ಒಳಗೇ ಕೂಡುತ್ತ ಹೋಗುತ್ತದೆ. ಮೊದಲು ಗಾಜಿನ ಮೇಲೆ ಬಿಳಿ ಕಲೆ, ಆಮೇಲೆ ಎಲೆಯ ಅಂಚು ಕಂದು, ಕೊನೆಗೆ ಬೇರು. ಮಲಪ್ರಭೆಯ ನಳದ ನೀರು ಬೋರಿಗಿಂತ ಎಷ್ಟೋ ವಾಸಿ, ಒಂದು ರಾತ್ರಿ ತೆರೆದ ಬಕೆಟ್ಟಿನಲ್ಲಿಟ್ಟು ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಮೊದಲ ಮಳೆಯ ಧೂಳೆಲ್ಲ ತೊಳೆದುಹೋದ ಮೇಲೆ ಜುಲೈಯಲ್ಲಿ ಎರಡು ಕ್ಯಾನ್ ಹಿಡಿದಿಟ್ಟು, ಮುಚ್ಚಿ ಕತ್ತಲಲ್ಲಿಟ್ಟರೆ ಮುಚ್ಚಿದ ಪೆಟ್ಟಿಗೆಗೆ ವರ್ಷಪೂರ್ತಿ ಸಾಕು. ತೆರೆದ ಪೆಟ್ಟಿಗೆಗೆ ಸಾಲದು, ಅಲ್ಲಿ ಆರ್‌ಒ ನೀರು ಬೇಕಾಗುತ್ತದೆ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಮಾತ್ರ ಹಾಕಬೇಡಿ, ಉಪ್ಪೆಲ್ಲ ಸೇರಿರುವುದೇ ಅದರಲ್ಲಿ.

ನಾಲ್ಕನೆಯದು ಬಳ್ಳಿಯ ನಡಿಗೆ. ಕೆಲವು ಗಾಳಿಬೇರಿನಿಂದ ಗೋಡೆಗೆ ಅಂಟಿ ಏರುತ್ತವೆ. ಕೆಲವು ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೆ ಬೇರು ಬಿಡುತ್ತವೆ. ಕೆಲವು ಮೇಲಿನಿಂದ ಜೋತುಬೀಳುತ್ತವೆ. ಹಿಂಬದಿಯ ಗೋಡೆ ಮುಚ್ಚಬೇಕೆಂದು ಹರಿಯುವ ಬಳ್ಳಿ ತಂದರೆ ಅದು ಏರುವುದೇ ಇಲ್ಲ. ಜೊತೆಗೆ ಕತ್ತರಿಯ ಲೆಕ್ಕ. ಬೇಗ ಬೆಳೆಯುವ ಬಳ್ಳಿ ಮೂರು ತಿಂಗಳಲ್ಲಿ ಪೆಟ್ಟಿಗೆ ತುಂಬಿ ಕಣ್ಣಿಗೆ ಹಬ್ಬ, ಆರನೆಯ ತಿಂಗಳಿಗೆ ಉಳಿದ ಗಿಡಗಳನ್ನೆಲ್ಲ ನುಂಗುತ್ತದೆ. ನಿಧಾನದ್ದು ಮೊದಲ ವರ್ಷ ಬೋಳಾಗಿ ಕಾಣುತ್ತದೆ, ಆಮೇಲೆ ನೆಮ್ಮದಿ.

ಮಣ್ಣಿನ ಬಗ್ಗೆ ಒಂದೇ ಮಾತು. ಹೊಲದ ಎರೆಮಣ್ಣು ಯಾವ ಕಾರಣಕ್ಕೂ ಹಾಕಬೇಡಿ. ಹತ್ತಿ-ಜೋಳಕ್ಕೆ ಅದು ಬಂಗಾರ, ಗಾಜಿನೊಳಗೆ ನೀರು ಹಿಡಿದು ಬೇರು ಉಸಿರುಗಟ್ಟಿಸುತ್ತದೆ. ಧಾರವಾಡದ ಕೆಂಪು ಮಸಾರಿಯೂ ಒಂಟಿಯಾಗಿ ಬೇಡ. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಉಸುಕು, ಇದ್ದಿಲ ಚೂರು, ಸ್ವಲ್ಪ ಎಲೆಗೊಬ್ಬರ ಬೆರೆಸಿ. ತಳಕ್ಕೆ ಎರಡು ಬೆರಳು ದಪ್ಪ ಖಡಿ, ಅದರ ಮೇಲೆ ಸೊಳ್ಳೆಪರದೆಯ ತುಂಡು. ಖಡಿಯ ಮೇಲೆ ಲಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣದ ಕಲ್ಲು, ಬಿಡಿ.

ಗೋಡೆಗೆ ಏರುವ ಸಣ್ಣೆಲೆ: ಕ್ರೀಪಿಂಗ್ ಫಿಗ್

ಕಾಂಪೌಂಡ್ ಗೋಡೆಗಳ ಮೇಲೆ ಹಸಿರು ಬಳಿದಂತೆ ಅಂಟಿಕೊಂಡಿರುವ ಫೈಕಸ್ ಪ್ಯುಮಿಲಾ ನೀವು ನೋಡಿಯೇ ಇರುತ್ತೀರಿ. ಪೂರ್ವ ಏಷ್ಯಾದ್ದು, ನಮ್ಮ ಆಲ-ಅತ್ತಿಯ ಕುಲದ್ದೇ, ಚಿವುಟಿದರೆ ಹಾಲು ಬರುತ್ತದೆ. ಎಳೆಯದಿದ್ದಾಗ ಎಲೆ ಉಗುರಗಲ, ಹೃದಯದಾಕಾರ. ಹೊರಗೆ ವರ್ಷಗಟ್ಟಲೆ ಬೆಳೆದು ಬಲಿತ ಮೇಲೆ ಎಲೆ ಅಂಗೈಯ ಹತ್ತಿರಕ್ಕೆ ದೊಡ್ಡದಾಗಿ, ಅಂಜೂರದಂಥ ಕಾಯಿಯೂ ಬಿಡುತ್ತದೆ. ಪೆಟ್ಟಿಗೆಯೊಳಗೆ ಕತ್ತರಿ ಆಡಿಸುತ್ತಿದ್ದರೆ ಆ ಹಂತಕ್ಕೆ ಹೋಗುವುದಿಲ್ಲ.

ನಮ್ಮ ಕಡೆಗೆ ಹಿಂಬದಿ ಗೋಡೆಗೆ ಒಂದೇ ಬಳ್ಳಿ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಸೆಕೆ ತಡೆಯುತ್ತದೆ. ಹೊರಗಿನ ಗೋಡೆಯ ಮೇಲೆ ಬದುಕುವ ಗಿಡಕ್ಕೆ ಹುಬ್ಬಳ್ಳಿಯ ಮೇ ಹೊಸದಲ್ಲ. ಯಾವ ನರ್ಸರಿಯಲ್ಲೂ ಸಿಗುತ್ತದೆ, ಅಗ್ಗ. ಗೆಳೆಯರ ಮನೆಯ ಗೋಡೆಯಿಂದ ನಾಲ್ಕು ತುಂಡು ತಂದರೆ ಪುಕ್ಕಟೆ. ಅಂಟಿಕೊಳ್ಳಲು ದುಬಾರಿ ಕಾರ್ಕ್ ತೊಗಟೆ ಬೇಕಿಲ್ಲ. ಹಳೆಯ ಮಂಗಳೂರು ಹೆಂಚಿನ ತುಂಡು ಸಾಕು. ಹೆಂಚು ನೀರು ಹೀರಿ ತೇವ ಹಿಡಿದಿಡುತ್ತದೆ, ಬೇರು ಅದರ ಒರಟು ಮೈಗೆ ಚೆನ್ನಾಗಿ ಕಚ್ಚುತ್ತದೆ. ಧಾರವಾಡದಲ್ಲಿ ಹಳೆ ಮನೆ ಕೆಡವುವ ಕಡೆ ಕೇಳಿದರೆ ಹೆಂಚು ಕೊಡದವರಿಲ್ಲ.

ಇನ್ನು ಅದರ ಕೆಟ್ಟ ಗುಣ. ಒಂದು, ಒಮ್ಮೆ ಪೂರ್ತಿ ಒಣಗಿದರೆ ಎಲೆಗಳು ಹಪ್ಪಳವಾಗಿ ಉದುರುತ್ತವೆ, ಮತ್ತೆ ಚಿಗುರುವುದು ಅಪರೂಪ. ಊರಿಗೆ ಹದಿನೈದು ದಿನ ಹೋಗಿ ಬರುವವರು ತೆರೆದ ಪೆಟ್ಟಿಗೆಯಲ್ಲಿ ಇದನ್ನು ಹಚ್ಚಬಾರದು. ಎರಡು, ಹಸಿವು ಹೆಚ್ಚು. ಇದರ ಸಾಧಾರಣ ತಳಿಯು ಫಿಟ್ಟೋನಿಯಾದಂಥ ನೆಲದ ಪುಟ್ಟ ಗಿಡ, ಪಾಚಿಗಳ ಮೇಲೆಲ್ಲ ಹರಡಿ ಬೆಳಕು ಕಸಿಯುತ್ತದೆ. ಒಂದೂವರೆ ಅಡಿಗಿಂತ ಸಣ್ಣ ಪೆಟ್ಟಿಗೆಗೆ 'ಮಿನಿಮಾ' ಅಥವಾ ಓಕ್ ಎಲೆಯಾಕಾರದ 'ಕ್ವೆರ್ಸಿಫೋಲಿಯಾ' ತಳಿ ಹುಡುಕಿ. ಎಲೆ ಇನ್ನೂ ಸಣ್ಣದು, ನಡಿಗೆ ನಿಧಾನ, ಬೆಲೆ ಮಾತ್ರ ಜಾಸ್ತಿ. ಅವು ಸಾಮಾನ್ಯವಾಗಿ ಆನ್‌ಲೈನಿನಲ್ಲೇ ಸಿಗುತ್ತವೆ. ಬಿಳಿ ಅಂಚಿನ ತಳಿ ಚಂದ, ಆದರೆ ಬೆಳಕು ಕಡಿಮೆಯಾದರೆ ಪೂರ್ತಿ ಹಸಿರು ಚಿಗುರು ಹೊಮ್ಮಿ ಬಿಳಿಯನ್ನು ಮೀರಿಸುತ್ತದೆ. ಆ ಹಸಿರು ಚಿಗುರನ್ನು ಬುಡದಲ್ಲೇ ತೆಗೆಯುತ್ತಿರಬೇಕು.

ಪುಕ್ಕಟೆಯ ಮನಿ ಪ್ಲಾಂಟ್ ಮತ್ತು ಅದರ ಬಳಗ

ಮನಿ ಪ್ಲಾಂಟ್ ಸಾಯಿಸುವುದು ಕಷ್ಟ, ಅದಕ್ಕೇ ಎಲ್ಲರ ಕೈ ಮೊದಲು ಅದರ ಕಡೆ ಹೋಗುತ್ತದೆ. ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ಎಂಬ ಒಂದು ದ್ವೀಪದ ಗಿಡ ಇವತ್ತು ನಮ್ಮ ಪ್ರತಿ ವರಾಂಡದಲ್ಲೂ ಇದೆ. ಆದರೆ ಗಾಜಿನ ಪೆಟ್ಟಿಗೆಗೆ ಇದು ಒಳ್ಳೆಯ ಆಯ್ಕೆ ಅಲ್ಲ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಏರಲು ಆಸರೆ ಸಿಕ್ಕಷ್ಟೂ ಇದರ ಎಲೆ ದೊಡ್ಡದಾಗುತ್ತ ಹೋಗುತ್ತದೆ. ಒಂದಡಿಯ ಪೆಟ್ಟಿಗೆಯಲ್ಲಿ ನಾಲ್ಕು ಎಲೆ ಸೇರಿದರೆ ಉಳಿದದ್ದಕ್ಕೆ ಬೆಳಕಿಲ್ಲ, ಪುಟ್ಟ ಕಾಡಿನ ಅಳತೆಯೇ ಕೆಡುತ್ತದೆ.

ಅದು ಹೊಂದುವ ಜಾಗ ಒಂದಿದೆ, ಪಲುಡೇರಿಯಂ. ಬುಡವನ್ನು ಮೀನಿನ ನೀರಿಗೆ ಬಿಟ್ಟು ಬಳ್ಳಿಯನ್ನು ಪೆಟ್ಟಿಗೆಯ ಹೊರಕ್ಕೆ ಹರಿಯಬಿಟ್ಟರೆ, ಮೀನಿನ ಹಿಕ್ಕೆಯಿಂದಾಗುವ ನೈಟ್ರೇಟನ್ನು ಬೇರು ಹೀರುತ್ತದೆ, ನೀರು ಬೇಗ ಪಾಚಿಗಟ್ಟುವುದಿಲ್ಲ. ಗಪ್ಪಿಯೋ ಬೆಟ್ಟಾ ಮೀನೋ ಸಾಕಿರುವವರಿಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಎಲೆಯ ಮೇಲೆ ಬೆಳ್ಳಿ ಚುಕ್ಕೆಯಿರುವ ಸಿಂಡಾಪ್ಸಸ್ ಪಿಕ್ಟಸ್ ಅದೇ ಬಳಗದ, ಆದರೆ ಸಂಯಮದ ಬಳ್ಳಿ. ಆಗ್ನೇಯ ಏಷ್ಯಾದ್ದು. ನಿಧಾನ, ಎಲೆ ಮಂದ, ಸ್ವಲ್ಪ ಒಣಗಿದರೂ ತಡೆದುಕೊಳ್ಳುತ್ತದೆ, ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಎರಡಡಿ ಎತ್ತರದ, ಮೇಲೆ ಜಾಳಿಗೆ ಇರುವ ಪೆಟ್ಟಿಗೆಗೆ ತಕ್ಕದ್ದು. ಫಿಲೋಡೆಂಡ್ರಾನ್ 'ಮಿಕಾನ್ಸ್' ಮಖಮಲ್ಲಿನ ಎಲೆಯದು, ಎಲ್‌ಇಡಿ ಬೆಳಕಿನಲ್ಲಿ ಎಲೆಯ ಕೆಳಮೈ ಕೆಂಪಾಗಿ ಹೊಳೆಯುತ್ತದೆ. ಅದೂ ದೊಡ್ಡ ಪೆಟ್ಟಿಗೆಗೇ ಸರಿ. ಸಿಂಗೋನಿಯಂ ಬಾಣದ ಎಲೆಯದು, ಎಲ್ಲ ಕಡೆ ಸಿಗುತ್ತದೆ. ಕುಬ್ಜ ತಳಿ ಆಗಿದ್ದರೆ ಮಾತ್ರ ತನ್ನಿ, ಇಲ್ಲದಿದ್ದರೆ ಆರು ತಿಂಗಳಿಗೆ ಮುಚ್ಚಳ ಎತ್ತುತ್ತದೆ.

ವೀಳ್ಯದೆಲೆ ಬಳ್ಳಿ ಹಚ್ಚಬಹುದೇ ಎಂದು ಹಾವೇರಿ ಕಡೆಯವರು ಕೇಳುವುದುಂಟು. ಸವಣೂರಿನ ಎಲೆಯ ಹೆಸರು ದೊಡ್ಡದು, ಆದರೆ ಆ ಎಲೆಯೂ ದೊಡ್ಡದೇ. ಗಾಜಿನೊಳಗೆ ಬೇಡ. ಎಲೆತೋಟದವರಿಂದ ಕಲಿಯಬೇಕಾದ್ದು ಬೇರೆ ಇದೆ. ಬಳ್ಳಿ ಉದ್ದವಾಗಿ ಬುಡ ಬೋಳಾದಾಗ ಅವರು ಬಳ್ಳಿಯನ್ನು ಆಸರೆಯಿಂದ ಇಳಿಸಿ, ಸುರುಳಿ ಸುತ್ತಿ ಬುಡದಲ್ಲಿ ಮಣ್ಣು ಮುಚ್ಚುತ್ತಾರೆ. ಗೆಣ್ಣುಗಳಿಂದ ಹೊಸ ಬೇರು, ಹೊಸ ಚಿಗುರು ಬರುತ್ತದೆ. ಪೆಟ್ಟಿಗೆಯೊಳಗಿನ ಸಿಂಡಾಪ್ಸಸ್, ಫಿಲೋಡೆಂಡ್ರಾನ್ ಉದ್ದುದ್ದ ಎಳೆದುಕೊಂಡು ಬೋಳಾದರೆ ಇದನ್ನೇ ಮಾಡಿ. ಇಳಿಸಿ, ಗೆಣ್ಣು ಮಣ್ಣಿಗೆ ತಾಗುವಂತೆ ತಂತಿಯ ಕೊಕ್ಕೆ ಚುಚ್ಚಿ. ಹೊಸ ಗಿಡ ಕೊಳ್ಳುವ ಖರ್ಚು ಉಳಿಯಿತು.

ನೆಲದ ಮೇಲೆ ಹರಿಯುವವು

ಬರಣಿ, ಗಾಜಿನ ಬಟ್ಟಲು, ಹಳೆಯ ಬಿಸ್ಕತ್ತಿನ ಡಬ್ಬಿಯಂಥ ಸಣ್ಣ ಪಾತ್ರೆ ಇದ್ದವರಿಗೆ ಈ ಗುಂಪೇ ಗತಿ, ಮತ್ತು ಅದು ಕೆಟ್ಟ ಗತಿಯೇನಲ್ಲ.

ಫಿಟ್ಟೋನಿಯಾ ದಕ್ಷಿಣ ಅಮೆರಿಕದ ಕಾಡಿನ ನೆಲದ ಗಿಡ. ಕೆಂಪು, ಗುಲಾಬಿ, ಬಿಳಿ ನರಗಳ ಜಾಲವಿರುವ ಎಲೆ. ನರ್ಸರಿಗಳಲ್ಲಿ ನೂರು ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ನಿಜವಾದ ಬಳ್ಳಿ ಅಲ್ಲ, ತೆವಳುವ ಗಿಡ. ಇದರ ದೊಡ್ಡ ಗುಣ ಅಂದರೆ ಬಾಯಿಬಿಟ್ಟು ಹೇಳುತ್ತದೆ. ನೀರು ಕಡಿಮೆಯಾದರೆ ಪೂರ್ತಿ ಕುಸಿದುಬೀಳುತ್ತದೆ, ನೀರು ಕಂಡರೆ ಒಂದೆರಡು ತಾಸಿನಲ್ಲಿ ಎದ್ದು ಕೂಡುತ್ತದೆ. ಹೊಸಬರಿಗೆ ನೀರಿನ ಅಂದಾಜು ಕಲಿಸಲು ಇದಕ್ಕಿಂತ ಒಳ್ಳೆಯ ಗಿಡ ನನಗೆ ಗೊತ್ತಿಲ್ಲ. ಆದರೆ ಮುಚ್ಚಿದ ಪಾತ್ರೆ, ಒದ್ದೆ ಮಣ್ಣು, 35 ಡಿಗ್ರಿ ಮೂರೂ ಸೇರಿದರೆ ಬುಡ ಕರಗುತ್ತದೆ. ಹುಬ್ಬಳ್ಳಿಯ ಮೇಲಿನ ಮಹಡಿಯವರು ಬೇಸಿಗೆಯಲ್ಲಿ ಮುಚ್ಚಳ ಬೆರಳಗಲ ತೆರೆದಿಡಬೇಕು.

ನರ್ಸರಿಗಳಲ್ಲಿ 'ಬೇಬಿ ಟಿಯರ್ಸ್' ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಗಿಡ ಕೊಡುತ್ತಾರೆ. ಕೊಳ್ಳುವಾಗ ಎಚ್ಚರ ಬೇಕು. ಒಂದು ಸೊಲೆರೋಲಿಯಾ. ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳ ತಂಪು ನೆರಳಿನದು, ಉಷ್ಣವಲಯದ್ದೇ ಅಲ್ಲ. ಎಲೆ ಸಾಸಿವೆಗಿಂತ ತುಸು ದೊಡ್ಡದು. ನಮ್ಮ ಬೇಸಿಗೆಗೆ ಕಪ್ಪಾಗಿ ಹೋಗುತ್ತದೆ. ಧಾರವಾಡದ ತಂಪು ಕೋಣೆಯಲ್ಲಿ ಬೇಕಾದರೆ ಅದೃಷ್ಟ ನೋಡಿ. ಇನ್ನೊಂದು ಪಿಲಿಯಾ ಡಿಪ್ರೆಸಾ. ಎಲೆ ಅದಕ್ಕಿಂತ ದೊಡ್ಡದು, ತುದಿಯಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಹೊಳಪಿರುತ್ತದೆ. ನಮಗೆ ಬೇಕಾದ್ದು ಇದು. ಮುಚ್ಚಿದ ಪೆಟ್ಟಿಗೆಯ ತೇವ ಇಷ್ಟ, ಕಲ್ಲು-ಕಟ್ಟಿಗೆಗಳ ಮೇಲಿನಿಂದ ಜಾರಿ ಇಳಿಯುವ ರೀತಿ ಚಂದ, ಕತ್ತರಿಸಿದ ತುಂಡು ಎಲ್ಲಿ ಬಿದ್ದರೂ ಬೇರು ಬಿಡುತ್ತದೆ. ಸಣ್ಣ ಮುಚ್ಚಿದ ಬರಣಿಗೆ ಒಂದೇ ಗಿಡ ಎಂದರೆ ನನ್ನ ವೋಟು ಇದಕ್ಕೆ.

ಮೂರನೆಯದು ಟರ್ಟಲ್ ವೈನ್ ಎಂದೂ ಮಾರುವ ಕ್ಯಾಲಿಸಿಯಾ ರೆಪೆನ್ಸ್. ಬಾಲ್ಕನಿಯ ತೂಗುಕುಂಡಗಳಲ್ಲಿ ದಟ್ಟವಾಗಿ ಜೋತುಬಿದ್ದಿರುತ್ತದಲ್ಲ, ಅದೇ. ಅಗ್ಗ, ಬೇಗ ಬೆಳೆಯುತ್ತದೆ, ತೆರೆದ ಪೆಟ್ಟಿಗೆಗೆ ಅಡ್ಡಿಯಿಲ್ಲ. ಮುಚ್ಚಿದರೆ ದಪ್ಪ ಎಲೆಗಳ ನಡುವೆ ನೀರು ನಿಂತು ಬೂಷ್ಟು ಹಿಡಿಯುತ್ತದೆ. ಬೆಳಕು ಸಾಲದಿದ್ದರೆ ಎಲೆಗಿಂತ ದಂಟೇ ಹೆಚ್ಚು ಕಾಣುತ್ತದೆ.

ಸೆಲಾಜಿನೆಲ್ಲಾ ನೋಡಿದವರೆಲ್ಲ ಬಯಸುವ ಗಿಡ. ಜರಿಗಿಡದ ಹಾಗೆ ಕಾಣುವ, ನೀಲಿ ಮಿಂಚಿನ ತಳಿಯೂ ಇದೆ. ಆದರೆ ಗಡಸು ನೀರು, ಒಣಗಾಳಿ, ಸೆಕೆ ಎಲ್ಲಕ್ಕೂ ಮುನಿಸು. ಮಳೆನೀರು ಇದ್ದರೆ, ಮುಚ್ಚಿದ ಪೆಟ್ಟಿಗೆ ಇದ್ದರೆ, ಕೋಣೆ 30 ಡಿಗ್ರಿ ದಾಟದಿದ್ದರೆ ಮಾತ್ರ. ಮಳೆಗಾಲದಲ್ಲಿ ಹಳಿಯಾಳ, ದಾಂಡೇಲಿ ದಾರಿಯ ದರೆಗಳ ಮೇಲೆ ಇದರ ಕಾಡುಜಾತಿಗಳು, ಹಾವಸೆ ದಂಡಿಯಾಗಿ ಕಾಣುತ್ತವೆ, ಕೈ ಚುರುಗುಟ್ಟುತ್ತದೆ, ಗೊತ್ತು. ಕಾಳಿ ಹುಲಿ ಸಂರಕ್ಷಿತ ಪ್ರದೇಶವಿರಲಿ, ಗದಗಿನ ಕಪ್ಪತಗುಡ್ಡವಿರಲಿ, ಸಂರಕ್ಷಿತ ಕಾಡಿನಿಂದ ಗಿಡ ಕೀಳುವುದು ಅಪರಾಧ. ಅದಿರಲಿ, ಹಾಗೆ ತಂದದ್ದು ನಮ್ಮ ಪೆಟ್ಟಿಗೆಯಲ್ಲಿ ಬದುಕುವುದೂ ಕಡಿಮೆ. ಜೊತೆಗೆ ಬಸವನಹುಳ, ಸಾವಿರಕಾಲು ಉಚಿತವಾಗಿ ಬರುತ್ತವೆ.

ಮೇಲಿನಿಂದ ಜೋತುಬೀಳುವವು: ಒಣನಾಡಿನವರಿಗೆ

ಗದಗ, ರೋಣ, ಮುಂಡರಗಿ ಕಡೆಯವರಿಗೆ ನಾನು ಕೊಡುವ ಸಲಹೆ ಬೇರೆ. ಅಲ್ಲಿನ ಹವೆಯ ಜೊತೆ ಜಗಳಾಡಿ ಮುಚ್ಚಿದ ಮಳೆಕಾಡು ಮಾಡುವುದಕ್ಕಿಂತ ಅರೆತೆರೆದ ಪೆಟ್ಟಿಗೆಗೆ ಹೊಂದುವ ಬಳ್ಳಿ ಹಿಡಿಯುವುದು ಜಾಣತನ. ಡಿಸ್ಕಿಡಿಯಾ ನುಮ್ಯುಲೇರಿಯಾ ಅಂಥದ್ದು. ನಾಣ್ಯ ಪೋಣಿಸಿದ ಸರದಂತೆ ದುಂಡು ದಪ್ಪ ಎಲೆ. ಮರದ ಮೈಮೇಲೆ ಬೆಳೆಯುವ ಗಿಡ, ಮಣ್ಣೇ ಬೇಡ. ತೆಂಗಿನ ನಾರಿನ ಉಂಡೆಗೋ ಒರಟು ಕಟ್ಟಿಗೆಗೋ ದಾರದಿಂದ ಕಟ್ಟಿ ಪೆಟ್ಟಿಗೆಯ ಮೇಲಂಚಿಗೆ ಸಿಕ್ಕಿಸಿದರೆ ಕೆಳಕ್ಕೆ ಇಳಿಯುತ್ತದೆ. ವಾರಕ್ಕೆರಡು ಸಲ ನೀರು ಸಿಂಪಡಿಸಿ, ನಡುವೆ ಒಣಗಲು ಬಿಡಿ. ನಾಲ್ಕು ದಿನ ಮರೆತರೂ ಸಾಯುವುದಿಲ್ಲ. ಎಲೆ ಸುಕ್ಕುಗಟ್ಟಿದರೆ ನೀರು ಕೇಳುತ್ತಿದೆ ಎಂದು ತಿಳಿಯಿರಿ. ಇದೇ ಕುಲದ ಕೆಲವು ಜಾತಿಗಳು ಕಾಡಿನಲ್ಲಿ ತಮ್ಮ ಟೊಳ್ಳು ಎಲೆಯೊಳಗೆ ಇರುವೆಗಳಿಗೆ ಮನೆ ಕೊಡುತ್ತವೆ, ಇರುವೆ ತಂದುಹಾಕುವ ಕಸಕಡ್ಡಿಯೇ ಅವುಗಳ ಗೊಬ್ಬರ. ನಿಮ್ಮ ಪೆಟ್ಟಿಗೆಗೆ ಇರುವೆ ಬೇಕಿಲ್ಲ, ತಿಂಗಳಿಗೊಮ್ಮೆ ತೀರ ತೆಳು ದ್ರವಗೊಬ್ಬರ ಸಾಕು.

ಸಣ್ಣೆಲೆಯ ಹೋಯಾಗಳೂ ಇದೇ ಮನೆತನ. ಪೆಪೆರೋಮಿಯಾ ಪ್ರೋಸ್ಟ್ರಾಟಾ, ಆಮೆಚಿಪ್ಪಿನ ಗುರುತಿರುವ ಪುಟಾಣಿ ಎಲೆಯದು, ಚಿತ್ರ ನೋಡಿ ಮರುಳಾಗುವವರೇ ಹೆಚ್ಚು. ಅದನ್ನು ಮುಚ್ಚಿದ ಬರಣಿಗೆ ಹಾಕುವವರೂ ಹೆಚ್ಚು, ಅಲ್ಲೇ ತಪ್ಪುವುದು. ಎಲೆಯಲ್ಲೇ ನೀರು ಕೂಡಿಡುವ ಗಿಡಕ್ಕೆ ಸದಾ ಒದ್ದೆಯ ಗಾಳಿ ವಿಷ. ಬಾಯಿ ತೆರೆದ ಗಾಜಿನ ಬಟ್ಟಲು, ಮೇಲ್ಮಣ್ಣು ಒಣಗಿದ ಮೇಲೆ ಒಂದು ಚಮಚ ನೀರು, ಅಷ್ಟೇ. ಹಾಗಿದ್ದರೆ ವರ್ಷಗಟ್ಟಲೆ ಇರುತ್ತದೆ.

ಗೋಡೆಗೆ ಮೀನಿನ ಹುರುಪೆಯಂತೆ ಎಲೆ ಅಂಟಿಸಿಕೊಂಡು ಏರುವ ಮಾನ್ಸ್ಟೆರಾ ಡುಬಿಯಾ, ರಾಫಿಡೋಫೊರಾ, ಮಾರ್ಕ್‌ಗ್ರಾವಿಯಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಬಾರಿ. ಕೊರಿಯರಿನಲ್ಲೇ ಬರಬೇಕು, ಸದಾ ಹೆಚ್ಚಿನ ತೇವ ಬೇಕು, ಕರೆಂಟ್ ಹೋದರೆ ನಿಲ್ಲುವ ಮಂಜಿನ ಯಂತ್ರದ ಮೇಲೆ ಅವುಗಳ ಜೀವ. ಮೊದಲ ಪೆಟ್ಟಿಗೆ ಒಂದು ಬೇಸಿಗೆ ದಾಟಿದ ಮೇಲೆ ಯೋಚಿಸಿ.

ಒಳಗೆ ಜೀವಿ ಇದ್ದರೆ

ಮೊದಲು ಕಾನೂನು. ಊಸರವಳ್ಳಿ, ನಕ್ಷತ್ರ ಆಮೆಯಂಥ ನಮ್ಮ ನೆಲದ ಪ್ರಾಣಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ (ಸೈಟ್ಸ್) ಪಟ್ಟಿಗಳಲ್ಲಿರುವ ವಿದೇಶಿ ಜೀವಿಗಳಾದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು. ಚಿತ್ರಗಳಲ್ಲಿ ಮಿಂಚುವ ಡಾರ್ಟ್ ಕಪ್ಪೆಗಳು ಆ ಪಟ್ಟಿಯಲ್ಲಿವೆ. ಅವಕ್ಕೆ 30 ಡಿಗ್ರಿಯ ಮೇಲಿನ ಸೆಕೆ ಪ್ರಾಣಾಂತಿಕ. ಎ.ಸಿ. ಇಲ್ಲದ ಹುಬ್ಬಳ್ಳಿ ಮನೆಗೆ ಅವು ಸಲ್ಲವು. ಕಾಗದಪತ್ರ ಇಲ್ಲದೆ ಮಾರುವವರ ಹತ್ತಿರ ಏನನ್ನೂ ಕೊಳ್ಳಬೇಡಿ.

ಬಳ್ಳಿಯ ಮಾತಿಗೆ ಬಂದರೆ, ಮನಿ ಪ್ಲಾಂಟ್, ಸಿಂಡಾಪ್ಸಸ್, ಸಿಂಗೋನಿಯಂ, ಫಿಲೋಡೆಂಡ್ರಾನ್ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಕೆಸವಿನ ಎಲೆಯಲ್ಲಿರುವುದೂ ಅದೇ. ಹಸಿ ಕೆಸವು ತಿಂದರೆ ಗಂಟಲು ಕೆರೆಯುವುದು ಅದರಿಂದಲೇ. ಹುಳ ತಿನ್ನುವ ಕಪ್ಪೆ-ಹಲ್ಲಿಗಳು ಎಲೆಗೆ ಬಾಯಿ ಹಾಕುವುದಿಲ್ಲ, ಅವಕ್ಕೆ ತೊಂದರೆಯಿಲ್ಲ. ಎಲೆ ಮೇಯುವ ಜೀವಿಗಾದರೆ, ಅಥವಾ ಮನೆಯಲ್ಲಿ ಎಲ್ಲವನ್ನೂ ಬಾಯಿಗೆ ಹಾಕುವ ಕೂಸೋ ಬೆಕ್ಕೋ ಇದ್ದರೆ ಪಿಲಿಯಾ, ಪೆಪೆರೋಮಿಯಾ, ಫಿಟ್ಟೋನಿಯಾ ಕಡೆ ಹೋಗಿ. ಕ್ರೀಪಿಂಗ್ ಫಿಗ್‌ನ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಅದನ್ನು ಕತ್ತರಿಸಿದ ದಿನ ಬಳ್ಳಿಯ ಗಾಯವನ್ನು ನೀರಿನಿಂದ ಒರೆಸಿ, ಹಾಲು ನಿಂತ ಮೇಲೆ ಜೀವಿಯನ್ನು ಒಳಗೆ ಬಿಡಿ.

ನನ್ನ ಮಟ್ಟಿಗೆ ಎಲೆಯ ವಿಷಕ್ಕಿಂತ ದೊಡ್ಡ ಭಯ ನರ್ಸರಿಯ ಔಷಧಿ. ಬೇರಿನಿಂದ ಹೀರಿ ಇಡೀ ಗಿಡಕ್ಕೆ ಹರಡುವ ಕೀಟನಾಶಕ ಕುಂಡದ ಮಣ್ಣಿನಲ್ಲಿದ್ದರೆ, ಬೂಷ್ಟು ತಿಂದು ಪೆಟ್ಟಿಗೆ ಚೊಕ್ಕಟವಿಡುವ ಸ್ಪ್ರಿಂಗ್‌ಟೇಲ್ ಹುಳುಗಳೇ ಮೊದಲು ಸಾಯುತ್ತವೆ. ಕುಂಡದ ಮಣ್ಣನ್ನು ಪೂರ್ತಿ ತೊಳೆಯಿರಿ. ಅದಕ್ಕಿಂತ ಒಳ್ಳೆಯದು ಕುಂಡದ ಗಿಡ ಹೊರಗೇ ಬೆಳೆಸಿ, ಹೊಸದಾಗಿ ಬಂದ ಚಿಗುರಿನ ತುಂಡು ಮಾತ್ರ ಒಳಗೆ ಹಚ್ಚುವುದು.

ಯಾರಿಗೆ ಯಾವುದು

ಐದುನೂರು ರೂಪಾಯಿಯೊಳಗೆ ಮುಗಿಸಬೇಕು, ಇರುವುದು ಒಂದು ಬರಣಿ: ಪಿಲಿಯಾ ಒಂದು, ಬೇಕಾದರೆ ಜೊತೆಗೆ ಕೆಂಪು ಫಿಟ್ಟೋನಿಯಾ. ಬೇರೇನೂ ತುರುಕಬೇಡಿ.

ಮೀನಿನ ಅಂಗಡಿಯಲ್ಲಿ ಅಳತೆ ಕೊಟ್ಟು ಎರಡಡಿಯ ಗಾಜಿನ ತೊಟ್ಟಿ ಮಾಡಿಸುವವರಿದ್ದರೆ, ಎತ್ತರ ಅಗಲಕ್ಕಿಂತ ಹೆಚ್ಚಿಡಿಸಿ, ಮೇಲೆ ಒಂದು ಅಂಚಿನಲ್ಲಿ ಎರಡಿಂಚು ಜಾಳಿಗೆ ಬಿಟ್ಟು ಉಳಿದದ್ದಕ್ಕೆ ಗಾಜು ಮುಚ್ಚಿಸಿ. ಮುಂದೆ ಬಾಗಿಲು ತೆರೆಯುವ ಸಿದ್ಧ ವೈವೇರಿಯಂಗಿಂತ ಎಷ್ಟೋ ಅಗ್ಗ. ಕತ್ತರಿಸುವಾಗ ಮೇಲಿನಿಂದ ಕೈ ಇಳಿಸಬೇಕಾದ ಕಿರಿಕಿರಿ ಮಾತ್ರ ಇರುತ್ತದೆ. ಅದರ ಹಿಂಗೋಡೆಗೆ ಹೆಂಚು, ಹೆಂಚಿಗೆ ಕ್ರೀಪಿಂಗ್ ಫಿಗ್, ನೆಲಕ್ಕೆ ಪಿಲಿಯಾ. ತಿಂಗಳಿಗೊಮ್ಮೆ ಕತ್ತರಿ ಹಿಡಿಯಲು ಬೇಸರ ಅನ್ನುವವರು ಫಿಗ್ ಬದಲು ಸಿಂಡಾಪ್ಸಸ್ ಹಚ್ಚಿ, ತುಂಬಲು ಒಂದು ವರ್ಷ ಕಾಯಿರಿ.

ಹಗಲೆಲ್ಲ ಎ.ಸಿ. ಓಡುವ ಆಫೀಸಿನ ಮೇಜು? ಗಾಳಿ ತಂಪು, ಆದರೆ ಒಣ. ಅಲ್ಲಿ ಮುಚ್ಚಿದ ಪೆಟ್ಟಿಗೆಯೇ ಸರಿ, ಸೆಕೆಯ ಭಯವೂ ಇಲ್ಲದ್ದರಿಂದ ಸೆಲಾಜಿನೆಲ್ಲಾ ಕೂಡ ಪ್ರಯತ್ನಿಸಬಹುದು. ಶನಿವಾರ-ಭಾನುವಾರ ಎ.ಸಿ. ನಿಂತಾಗ ಕೋಣೆ ಎಷ್ಟು ಕಾಯುತ್ತದೆ ಎಂದು ಮೊದಲು ತಾಪಮಾಪಕ ಇಟ್ಟು ನೋಡಿ. ಗದಗಿನ ಮನೆ, ಬೋರ್ ನೀರು, ಆಗಾಗ ಊರಿಗೆ ಹೋಗುವ ಕುಟುಂಬವಾದರೆ ಡಿಸ್ಕಿಡಿಯಾ ಬಿಟ್ಟು ಬೇರೆ ಯೋಚನೆ ಬೇಡ. ಅದಕ್ಕೂ ಸಿಂಪಡಿಸಲು ಆರ್‌ಒ ನೀರನ್ನೇ ಬಳಸಿ, ಎಲೆಯ ಮೇಲೆ ಬಿಳಿ ಕಲೆ ನಿಲ್ಲುವುದಿಲ್ಲ.

ಹಚ್ಚಲು ಕಾಲವೂ ಇದೆ. ಜೂನ್ ನಡುವಿನಿಂದ ಆಗಸ್ಟ್‌ವರೆಗೆ, ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ, ಗಾಳಿಯಲ್ಲೇ ತೇವ ಇರುವುದರಿಂದ ತುಂಡುಗಳು ಬೇಗ ಬೇರು ಬಿಡುತ್ತವೆ. ಮಾರ್ಚ್‌ನಿಂದ ಮೇವರೆಗೆ ಆನ್‌ಲೈನಿನಲ್ಲಿ ತರಿಸಿದರೆ ಗಿಡ ಲಾರಿಯಲ್ಲೇ ಬೇಯುತ್ತದೆ. ತಂದ ಪ್ರತಿ ತುಂಡನ್ನೂ ಎರಡು-ಮೂರು ವಾರ ಬೇರೆ ಡಬ್ಬಿಯಲ್ಲಿಟ್ಟು, ಎಲೆಯ ಕೆಳಗೆ ಹಿಟ್ಟುತಿಗಣೆ, ಬಸವನಹುಳದ ಮೊಟ್ಟೆ ಇಲ್ಲವೆಂದು ನೋಡಿಕೊಂಡು ಆಮೇಲೆ ಪೆಟ್ಟಿಗೆಗೆ ಹಚ್ಚಿ.